ಗುಂಪಿನಿಂದ ತೆಗೆದವರಿಗೂ ಮೆಸೇಜ್ ಹೋಗುತ್ತಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಗ್ರೂಪ್ ಮೆಸೇಜಿಂಗ್ ಸೇವೆಗೆ ನಮ್ಮ ಸಂಸ್ಥೆ ಎರಡು ವರ್ಷಗಳಿಂದ ಹಣ ಕಟ್ಟುತ್ತಿದೆ. ಗುಂಪಿನಲ್ಲಿ ಸುಮಾರು 1000 ಜನರಿದ್ದಾರೆ. ನಾನು ಅಡ್ಮಿನ್.

ಕಳೆದ ತಿಂಗಳು ಕೆಲಸ ಬಿಟ್ಟ ಒಬ್ಬರನ್ನು ಗುಂಪಿನಿಂದ ತೆಗೆದೆ. ಪಟ್ಟಿಯಲ್ಲಿ ಅವರ ಹೆಸರು ಹೋಯಿತು. ಹನ್ನೊಂದು ದಿನ ಕಳೆದ ಮೇಲೆ ಅವರೇ ಫೋನ್ ಮಾಡಿ, "ನನ್ನ ಲ್ಯಾಪ್‌ಟಾಪ್‌ಗೆ ಇನ್ನೂ ನಿಮ್ಮ ಮೆಸೇಜ್ ಬರ್ತಿದೆ, ಸ್ವಲ್ಪ ನೋಡಿ" ಅಂದರು. ಒಳ್ಳೆಯವರು, ಹೇಳಿದರು. ಸುಮ್ನೆ ಓದುತ್ತಾ ಕೂತಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಸಹಾಯವಾಣಿಗೆ ಬರೆದೆ. ಆಪ್ ಅಪ್‌ಡೇಟ್ ಮಾಡಿ ಎಂದು ಎರಡು ಸಲ ಉತ್ತರ ಬಂತು. ಮೂರನೇ ಸಲ ನಿಜ ಹೊರಬಿತ್ತು. ಫೋನ್ ಅನ್ನು ತೆಗೆದ ನಿಮ್ಮ ಸರ್ವರ್, ಅದೇ ಖಾತೆಯ ಲ್ಯಾಪ್‌ಟಾಪ್ ಅನ್ನು ಬಿಟ್ಟುಬಿಟ್ಟಿತ್ತು. ಅಂಥ ತಪ್ಪು ಆಗಬಹುದು, ಒಪ್ಪುತ್ತೇನೆ. ಆದರೆ ಗುಂಪಿನ ಕೀ (ಮೆಸೇಜ್‌ಗೆ ಬೀಗ ಹಾಕುವ, ಬಿಚ್ಚುವ ಗುಟ್ಟಿನ ಸಂಖ್ಯೆ) ಬದಲಾಗಿದ್ದರೆ ಮೆಸೇಜ್ ತಲುಪಿದರೂ ಬಿಚ್ಚಲು ಆಗುತ್ತಿರಲಿಲ್ಲ. ನಿಮ್ಮಲ್ಲಿ ಯಾರು ಬಂದರೂ ಹೋದರೂ ಮೊದಲ ದಿನದ ಕೀಯೇ ನಡೆಯುತ್ತದಂತೆ!

ಇದಕ್ಕೆ ನಿಮ್ಮವರು ಕೊಟ್ಟ ಸಮಜಾಯಿಷಿ: "ಪ್ರತಿ ಸಲ ಸಾವಿರ ಜನಕ್ಕೂ ಬೇರೆ ಬೇರೆಯಾಗಿ ಹೊಸ ಕೀ ಕಳಿಸುವುದು ಜಾಸ್ತಿ ಹೊರೆ." ಈ ತೊಡಕಿಗೆ 1999ರ ಆರ್‌ಎಫ್‌ಸಿ 2627 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲೇ ದಾರಿ ಇದೆ. ಕೀಗಳನ್ನು ಮರದ ಹಾಗೆ ಜೋಡಿಸುವುದು. ಸದಸ್ಯರೆಲ್ಲ ಎಲೆಗಳು. ಒಬ್ಬರು ಹೋದರೆ ಆ ಎಲೆಯಿಂದ ಬುಡದವರೆಗಿನ ಕೀಗಳನ್ನಷ್ಟೇ ಬದಲಿಸಿದರೆ ಸಾಕು. ಪ್ರತಿ ಕೊಂಬೆ ಎರಡಾಗಿ ಕವಲೊಡೆದರೆ ಸಾವಿರ ಜನಕ್ಕೆ ಹತ್ತು ಹಂತ. ಹೊಸ ಕೀ ಹಂಚಲು ಸುಮಾರು 20 ಎನ್‌ಕ್ರಿಪ್ಷನ್ (ಕೀಗೆ ಬೀಗ ಹಾಕಿ ಕಳಿಸುವುದು) ಸಾಕು, ಸಾವಿರ ಬೇಡ. ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2023ರ ಜುಲೈನಲ್ಲಿ ಪ್ರಕಟಿಸಿದ, ಗುಂಪಿನ ಮೆಸೇಜ್‌ಗಳನ್ನು ಕಾಪಾಡುವ ಎಂಎಲ್‌ಎಸ್ ಮಾನದಂಡ ಕೂಡ ಮರದ ಲೆಕ್ಕವನ್ನೇ ಹಿಡಿದಿದೆ. ಅದರಲ್ಲಿ ಗುಂಪಿನ ಕೀ ಸರ್ವರ್ ಕೈಗೂ ಸಿಗುವುದಿಲ್ಲ. ನಿಮ್ಮಲ್ಲಿ ಸಿಗುತ್ತದೆಯೇ? ಇದನ್ನೂ ಕೇಳಿದ್ದೆ, ಉತ್ತರ ಬಂದಿಲ್ಲ.

ನಮ್ಮ ಗುಂಪಿನ ಕೀಯನ್ನು ಕೂಡಲೇ ಬದಲಿಸಿ. ಇನ್ನು ಮುಂದೆ ಯಾರಾದರೂ ಸೇರಿದಾಗ, ಬಿಟ್ಟಾಗ, ಒಂದು ಸಾಧನವನ್ನು ತೆಗೆದಾಗಲೂ ಅದು ತಾನಾಗಿ ಬದಲಾಗಬೇಕು. ಆ ಹನ್ನೊಂದು ದಿನ ಲ್ಯಾಪ್‌ಟಾಪ್‌ಗೆ ಏನೇನು ಹೋಯಿತು ಎಂಬ ಲಾಗ್ (ಸರ್ವರ್ ದಾಖಲೆ) ಕಳಿಸಿ. 15 ದಿನದೊಳಗೆ ಇವಿಷ್ಟಕ್ಕೂ ಲಿಖಿತ ಉತ್ತರ ಬಾರದಿದ್ದರೆ ಒಪ್ಪಂದ ಮುಗಿಸಿ, ಉಳಿದ ಅವಧಿಯ ಹಣ ವಾಪಸ್ ಕೇಳುತ್ತೇವೆ.

ಸದ್ಯಕ್ಕೆ ಗುಂಪಿನಲ್ಲಿ ಗುಟ್ಟಿನ ವಿಷಯ ಬರೆಯಬೇಡಿ ಎಂದು ನಮ್ಮವರಿಗೆ ಹೇಳಿದ್ದೇನೆ. ಸಹಾಯವಾಣಿಯ ಮೂರೂ ಉತ್ತರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಗುಂಪಿನ ಅಡ್ಮಿನ್