ಹೊಲಿಗೆ ಹೇಗಿದೆ ಅಂತ ಬಾಣಂತಿಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ಹೆರಿಗೆಯ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸಿಸೇರಿಯನ್ ಜಾಸ್ತಿ ಆಯಿತು, ಆಂಬುಲೆನ್ಸ್ ತಡವಾಯಿತು, ತಾಲ್ಲೂಕು ಆಸ್ಪತ್ರೆಗೆ ಡಾಕ್ಟರ್ ಇಲ್ಲ. ಇವೆಲ್ಲ ಬರಬೇಕಾದ್ದೇ. ಆದರೆ ನಾರ್ಮಲ್ ಹೆರಿಗೆ ಆದವಳ ಬಗ್ಗೆ ಯಾರೂ ಒಂದು ಸಾಲು ಬರೆಯುವುದಿಲ್ಲ. ‘ನಾರ್ಮಲ್ ತಾನೇ, ನಾಲ್ಕು ದಿನಕ್ಕೆ ಎದ್ದು ಓಡಾಡ್ತಾಳೆ ಬಿಡಿ’ ಅಂದುಬಿಟ್ಟರೆ ಮುಗಿಯಿತು. ಕೆಳಗೆ ಹೊಲಿಗೆ ಬಿದ್ದಿರುತ್ತದೆ. ಕೂರಲು ಆಗುವುದಿಲ್ಲ, ಮೂತ್ರ ಮಾಡಿದರೆ ಉರಿ, ಕಕ್ಕಸಿಗೆ ಹೋಗಲು ಹೆದರಿಕೆ. ಇದನ್ನು ಅವಳು ಗಂಡನಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ. ಪೇಪರಿನಲ್ಲಿ ಇಂಥದ್ದೆಲ್ಲ ಬರೆಯೋದಾ ಅಂತ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ.

ನಾನು ಮಲೆನಾಡಿನ ಸಣ್ಣ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು, ಈಗ ನಿವೃತ್ತಳು. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಡಿಸ್ಚಾರ್ಜ್ ಆಗುವ ಮೊದಲು ಒಬ್ಬ ನರ್ಸ್ ಬಾಣಂತಿಯ ಪಕ್ಕ ಹತ್ತು ನಿಮಿಷ ಕೂತು, ಹೊಲಿಗೆ ನೋಡಿ, ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೇಳಬೇಕು. ಹೇಳುವಾಗ ಬಾಣಂತನ ಮಾಡುವ ಅಮ್ಮನೋ ಅಜ್ಜಿಯೋ ಅಲ್ಲೇ ಇರಬೇಕು. ಯಾಕೆಂದರೆ ಮನೆಗೆ ಹೋದ ಮೇಲೆ ನಡೆಯುವುದು ಅವರ ಮಾತೇ ಹೊರತು ನಮ್ಮದಲ್ಲ.

ಮಗುವಿನ ತಲೆ ಹೊರಗೆ ಬರುವಾಗ ಯೋನಿ ಮತ್ತು ಗುದದ ನಡುವಿನ ಜಾಗ ಎಷ್ಟೋ ಸಲ ಹರಿಯುತ್ತದೆ, ಇಲ್ಲವೇ ಡಾಕ್ಟರು ಕತ್ತರಿ ಹಾಕಿ ದಾರಿ ಮಾಡುತ್ತಾರೆ. ಬರೀ ಚರ್ಮ ಹರಿದರೆ ಅದು ಮೊದಲನೇ ಹಂತ. ನಾಲ್ಕನೇ ಹಂತದಲ್ಲಿ ಗುದದ ಒಳಪದರದವರೆಗೂ ಹರಿದಿರುತ್ತದೆ, ಅದು ಅಪರೂಪ. ಮೊದಲ ಹೆರಿಗೆ ಅಂದರೆ ಕತ್ತರಿ ಹಾಕಲೇಬೇಕು ಎನ್ನುವ ಅಭ್ಯಾಸ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಮಗು ಹೊರಬರುವ ಹೊತ್ತಿಗೆ ಆ ಜಾಗಕ್ಕೆ ಬೆಚ್ಚನೆಯ ಬಟ್ಟೆ ಒತ್ತಿ ಹಿಡಿದರೆ ಆಳವಾಗಿ ಹರಿಯುವುದು ಕಡಿಮೆಯಾಗುತ್ತದೆ ಅಂತಲೂ ಹೇಳಿದೆ. ಬಿಸಿನೀರು, ಒಂದು ಬಟ್ಟೆ, ಒಂದು ಕೈ. ಇದಕ್ಕೆ ಬಜೆಟ್ ಬೇಕಾ?

ಹೊಲಿಗೆ ಬಿದ್ದ ಮೇಲಿನ ಮೊದಲ ಒಂದೆರಡು ದಿನ ಊತ ಜಾಸ್ತಿ. ಆಗ ಬೇಕಾದದ್ದು ತಂಪು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ಆರೈಕೆಗೆ ಕೊಟ್ಟ ಸಲಹೆಗಳಲ್ಲಿ ಇದೂ ಇದೆ: ತಾಯಿಗೆ ಬೇಕಿದ್ದರೆ ನೋವಿರುವ ಜಾಗಕ್ಕೆ ಐಸ್ ಪ್ಯಾಕ್ ಅಥವಾ ತಣ್ಣನೆಯ ಪ್ಯಾಡ್ ಕೊಡಬಹುದು. ಐಸನ್ನು ನೇರ ಚರ್ಮಕ್ಕೆ ಇಡಬಾರದು. ಶುದ್ಧ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಇಡಬಹುದು. ನೋವು ಪೂರ್ತಿ ಹೋಗುವುದಿಲ್ಲ, ಮ್ಯಾಜಿಕ್ ಅಲ್ಲ ಅದು. ಆದರೆ ಒಂದು ಮಗ್ಗುಲಿಗೆ ತಿರುಗಿ ಹಾಲು ಕೊಡುವಷ್ಟು ಸಮಾಧಾನ ಸಿಕ್ಕರೆ ಅದೇನು ಕಡಿಮೆಯಾ.

ಇಲ್ಲೇ ನಮ್ಮ ಮಲೆನಾಡಿನ ತೊಡಕು ಇರುವುದು. ‘ಬಾಣಂತಿಗೆ ಐಸಾ? ಥಂಡಿ ಹಿಡಿಯುತ್ತೆ, ಆಮೇಲೆ ಜೀವಮಾನವಿಡೀ ಸೊಂಟ ನೋವು ಅಂತ ಕೂರ್ತಾಳೆ’ ಅಂತ ಅಜ್ಜಿ ರೇಗುತ್ತಾರೆ. ಆಷಾಢದ ಮಳೆ, ಎರಡು ವಾರ ಬಿಸಿಲೇ ಕಾಣದ ಆಗುಂಬೆ ಕಡೆಯ ಮನೆ, ಅಲ್ಲಿ ಬೆಚ್ಚಗಿಡುವುದೇ ದೊಡ್ಡ ಆರೈಕೆ ಅನ್ನಿಸಿದರೆ ತಪ್ಪೇನಿಲ್ಲ. ಅಜ್ಜಿಯನ್ನು ಗದರಿಸಿದರೆ ಅವರು ಕೇಳುವುದೂ ಇಲ್ಲ. ನಾನು ಹೇಳುತ್ತಿದ್ದದ್ದು ಇಷ್ಟೇ. ಅಮ್ಮಾ, ಮೈ ಬೆಚ್ಚಗೇ ಇರಲಿ, ಸ್ವೆಟರ್ ಹಾಕಿ, ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದೆಸಿ. ಊದಿರೋ ಜಾಗಕ್ಕೆ ಮಾತ್ರ ಹತ್ತು ನಿಮಿಷ ತಂಪು. ಕಾಲು ಉಳುಕಿದಾಗ ತಣ್ಣೀರು ಬಟ್ಟೆ ಕಟ್ಟಲ್ವಾ, ಹಾಗೆ. ಹೀಗೆ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಿದ್ದರು. ಒಪ್ಪದವರೂ ಇದ್ದರು, ಬೇಡ ಅಂದವರಿಗೆ ಒತ್ತಾಯ ಮಾಡುವುದು ಬೇಡ.

ಆದರೆ ಆಸ್ಪತ್ರೆಯಲ್ಲಿ ಐಸ್ ಎಲ್ಲಿದೆ? ನಾರ್ಮಲ್ ಹೆರಿಗೆ ಆದವರನ್ನು 48 ಗಂಟೆ ಇಟ್ಟುಕೊಳ್ಳಬೇಕು ಅನ್ನುವುದು ಸರ್ಕಾರದ್ದೇ ನಿಯಮ. ಅಂದರೆ ತಂಪು ಬೇಕಾದ ಹೊತ್ತೆಲ್ಲ ಆಕೆ ವಾರ್ಡಿನಲ್ಲೇ ಇರುತ್ತಾಳೆ. ಹೆರಿಗೆ ವಾರ್ಡಿಗೊಂದು ಸಣ್ಣ ಫ್ರಿಜ್ ಕೊಟ್ಟರೆ ಸಾಕು. ಲಸಿಕೆ ಇಡುವ ಫ್ರಿಜ್ ಇದೆಯಲ್ಲ ಅನ್ನಬೇಡಿ, ಅದರಲ್ಲಿ ಬೇರೆ ಏನೂ ಇಡುವಂತಿಲ್ಲ, ಪದೇ ಪದೇ ಬಾಗಿಲು ತೆಗೆಯುವಂತೆಯೂ ಇಲ್ಲ. ಹೊಸ ಗ್ಲೌಸಿಗೆ ನೀರು ತುಂಬಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟರೆ ಅದೇ ಐಸ್ ಪ್ಯಾಕ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಬಾವಿ ನೀರನ್ನು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಬಾಯಿ ಕಟ್ಟಿ, ಬಟ್ಟೆ ಸುತ್ತಿ ಇಡಬಹುದು. ನಮ್ಮ ಕಡೆ ಬಾವಿ ನೀರು ಸಾಕಷ್ಟು ತಣ್ಣಗೇ ಇರುತ್ತದೆ. ಆ ನೀರು ಗಾಯಕ್ಕೆ ತಾಗದ ಹಾಗೆ ನೋಡಿಕೊಂಡರಾಯಿತು.

ಒಂದು ದಿನ ಕಳೆದ ಮೇಲೆ ಬೆಚ್ಚಗಿನ ನೀರು. ಅಗಲವಾದ ಟಬ್ಬನ್ನು ಚೆನ್ನಾಗಿ ತೊಳೆದು, ಮೊಣಕೈ ಅದ್ದಿದರೆ ಹಿತ ಅನ್ನಿಸುವಷ್ಟೇ ಬೆಚ್ಚಗಿನ ನೀರು ಹಾಕಿ, ಅದರಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು. ಸಿಟ್ಜ್ ಬಾತ್ ಅಂತ ನಾವು ಕರೆಯುವುದು ಇದನ್ನೇ. ದಿನಕ್ಕೆ ಎರಡು ಮೂರು ಸಲ ಸಾಕು. ನೀರಿಗೆ ಡೆಟಾಲ್ ಸುರಿಯುವುದು ಬೇಡ, ಉರಿ ಜಾಸ್ತಿಯಾಗುತ್ತದೆ ಅಷ್ಟೇ. ಉಪ್ಪು ಹಾಕಿದರೆ ಬೇಗ ಮಾಯುತ್ತದೆ ಅಂತ ಎಷ್ಟೋ ನರ್ಸುಗಳೇ ಹೇಳುತ್ತಾರೆ. ಉಪ್ಪು ನೀರಿಗೂ ಬರೀ ನೀರಿಗೂ ವ್ಯತ್ಯಾಸ ಕಂಡುಬಂದಿಲ್ಲ, ಹಾಕದಿದ್ದರೆ ನಷ್ಟವಿಲ್ಲ. ಆಮೇಲೆ ಉಜ್ಜದೆ ಮೆತ್ತಗೆ ಒತ್ತಿ ಒರೆಸಬೇಕು, ಮುಂದಿನಿಂದ ಹಿಂದಕ್ಕೆ.

ಈಗ ಬಚ್ಚಲಿನ ವಿಷಯ. ನಮ್ಮಲ್ಲಿ ಬಾಣಂತಿಗೆ ನೀರು ಹಾಕುವುದು ಅಂದರೆ ಹಂಡೆಗಟ್ಟಲೆ ಸುಡುನೀರು, ಅದೂ ಚೆಂಬಿನಿಂದ ರಪರಪ ಎರಚುವುದು. ಬೆನ್ನಿಗೆ, ಸೊಂಟಕ್ಕೆ ಹಾಕಿಕೊಳ್ಳಲಿ, ಅದರ ಸುಖ ನನಗೂ ಗೊತ್ತು. ಹೊಲಿಗೆಯ ಜಾಗಕ್ಕೆ ಮಾತ್ರ ಸುಡುನೀರು ಬೇಡ, ಎರಚುವುದೂ ಬೇಡ. ಕೆಲವು ಮನೆಗಳಲ್ಲಿ ಕೆಂಡದ ಕಾವು ಕೊಡುತ್ತಾರೆ. ಊದಿದ ಚರ್ಮಕ್ಕೆ ಸುಟ್ಟದ್ದು ಬೇಗ ಗೊತ್ತಾಗುವುದಿಲ್ಲ, ಅದನ್ನು ದಯವಿಟ್ಟು ಬಿಟ್ಟುಬಿಡಿ. ಬಾಣಂತನದ ಬಗ್ಗೆ ನನಗೆ ತಕರಾರಿಲ್ಲ. ಒಬ್ಬಳು ಹೆಂಗಸಿಗೆ ತಿಂಗಳುಗಟ್ಟಲೆ ಕೆಲಸ ಹೇಳದೆ ಮಲಗಲು ಬಿಡುವುದಿದೆಯಲ್ಲ, ಗಾಯ ಮಾಯಲು ಅದಕ್ಕಿಂತ ಒಳ್ಳೆಯದನ್ನು ಯಾವ ಆಸ್ಪತ್ರೆಯೂ ಕೊಡಲಾರದು.

ತಕರಾರಿರುವುದು ಊಟದ ಬಗ್ಗೆ. ಸೊಪ್ಪು ಶೀತ, ಹಣ್ಣು ಥಂಡಿ, ಬದನೆಕಾಯಿ ನಂಜು, ನೀರು ಕುಡಿದರೆ ಹೊಟ್ಟೆ ಬರುತ್ತೆ. ಉಳಿಯುವುದು ಅನ್ನ, ತುಪ್ಪ, ಮೆಣಸಿನ ಸಾರು. ಮೂರು ದಿನ ಇದನ್ನೇ ತಿಂದು, ಎರಡು ಲೋಟ ನೀರು ಕುಡಿದರೆ ಮಲ ಕಲ್ಲಾಗದೆ ಇನ್ನೇನಾಗುತ್ತದೆ? ಆಮೇಲೆ ತಿಣುಕಬೇಕು, ತಿಣುಕಿದರೆ ಹೊಲಿಗೆ ಎಳೆಯುತ್ತದೆ, ಆ ನೋವಿಗೆ ಹೆದರಿ ಮರುದಿನ ಹೋಗುವುದೇ ಇಲ್ಲ, ಇನ್ನಷ್ಟು ಗಟ್ಟಿ, ಕೊನೆಗೆ ಮೂಲವ್ಯಾಧಿಯೂ ಸೇರಿಕೊಳ್ಳುತ್ತದೆ. ನನ್ನ ಅನುಭವದಲ್ಲಿ ಹೊಲಿಗೆಗಿಂತ ಜಾಸ್ತಿ ಅಳಿಸುವುದು ಇದೇ. ನೀರು ಬಿಸಿಯಾಗಿಯೇ ಕೊಡಿ, ಜೀರಿಗೆ ಹಾಕಿ ಕುದಿಸಿ ಕೊಡಿ, ಆದರೆ ಬಾಯಾರಿದಾಗಲೆಲ್ಲ ಕೊಡಿ. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಹರಿವೆ ಸೊಪ್ಪು, ಬಸಳೆ, ಮಾಗಿದ ಬಾಳೆಹಣ್ಣು, ರಾಗಿ ಇರಲಿ. ಹಸಿ ಬೇಡ ಅಂತಿದ್ದರೆ ಬೇಯಿಸಿಯೇ ಕೊಡಿ, ಯಾರು ಬೇಡ ಅಂದರು. ಕಕ್ಕಸಿನಲ್ಲಿ ಹೊಲಿಗೆಯ ಮೇಲೆ ಶುದ್ಧ ಪ್ಯಾಡ್ ಇಟ್ಟು ಕೈಯಿಂದ ಮೆತ್ತಗೆ ಒತ್ತಿ ಹಿಡಿದುಕೊಂಡರೆ ಎಳೆತ ಕಡಿಮೆ. ಮೂತ್ರ ಮಾಡುವಾಗ ಮುಂದಿನಿಂದ ಉಗುರುಬೆಚ್ಚಗಿನ ನೀರು ಹಾಕಿಕೊಳ್ಳುತ್ತಿದ್ದರೆ ಉರಿ ಕಡಿಮೆ. ಕುಕ್ಕರಗಾಲಿನಲ್ಲಿ ಕೂರಲು ಆಗದವರಿಗೆ ಮೆಡಿಕಲ್ ಅಂಗಡಿಯಲ್ಲಿ ಕಮೋಡ್ ಚೇರ್ ಸಿಗುತ್ತದೆ. ಆಸ್ಪತ್ರೆಗಳಲ್ಲೂ ಒಂದೆರಡು ಇಡಬೇಕು. ನಾನು ಕೆಲಸ ಮಾಡಿದ ಒಂದು ಕಡೆಯಂತೂ ಹೆರಿಗೆ ವಾರ್ಡಿನ ಕಕ್ಕಸಿಗೆ ಹಿಡಿದುಕೊಂಡು ಏಳಲು ಒಂದು ಸರಳೂ ಇರಲಿಲ್ಲ. ಕೇಳಿ ಕೇಳಿ ಸಾಕಾಯಿತು.

ಪ್ಯಾಡನ್ನು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಒದ್ದೆಯಾಗಿಲ್ಲ ಅನ್ನಿಸಿದರೂ. ಬಟ್ಟೆ ಬಳಸುವ ಮನೆಗಳಲ್ಲಿ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಬಚ್ಚಲ ಒಲೆಯ ಮೇಲೆ ಹೊಗೆಯಲ್ಲಿ ನೇತುಹಾಕಿ ಅರೆ ಒದ್ದೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ಬಿಸಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ಹೊಲಿಗೆ ಬಿಚ್ಚಿಸಲು ಆಸ್ಪತ್ರೆಗೆ ಬರಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ಬೇಡ, ಅದು ತಾನೇ ಕರಗುವ ದಾರ. ಒಂದು ತುಂಡು ಉದುರಿ ಪ್ಯಾಡಿನಲ್ಲಿ ಕಂಡರೆ ಗಾಬರಿ ಬೇಡ.

ಗಾಯ ನೋಡಲು ನಮಗೆ ನರ್ಸುಗಳಿಗೆ 1974ರಿಂದಲೂ ಒಂದು ಅಳತೆ ಇದೆ. ಕೆಂಪಾಗಿದೆಯಾ, ಊದಿದೆಯಾ, ರಕ್ತ ಹೆಪ್ಪುಗಟ್ಟಿ ನೀಲಿಯಾಗಿದೆಯಾ, ಏನಾದರೂ ಸೋರುತ್ತಿದೆಯಾ, ಅಂಚುಗಳು ಕೂಡಿಕೊಂಡಿವೆಯಾ. ಪರದೆ ಎಳೆದು, ಬೆಳಕು ಹಿಡಿದು, ಒಂದು ನಿಮಿಷ ನೋಡಿದರೆ ತಿಳಿಯುತ್ತದೆ. ಆದರೆ ರೌಂಡ್ಸಿನಲ್ಲಿ ‘ಏನಮ್ಮಾ, ಆರಾಮಾ?’ ಅಂತ ದೂರದಿಂದಲೇ ಕೇಳಿ ಮುಂದೆ ಹೋಗುತ್ತಾರೆ. ಸುತ್ತ ಹತ್ತು ಜನ ಇರುವಾಗ ‘ಇಲ್ಲ, ಅಲ್ಲಿ ನೋವು’ ಅಂತ ಯಾರು ಹೇಳುತ್ತಾರೆ?

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆರು ಸಲ ಹೋಗಬೇಕು, 3, 7, 14, 21, 28 ಮತ್ತು 42ನೇ ದಿನ. ಶರಾವತಿ ಹಿನ್ನೀರಿನಾಚೆಯ ಒಂಟಿ ಮನೆಗಳಿಗೂ ನಡೆದು ಹೋಗುವವರು ಅವರು, ಅವರ ಮೇಲೆ ಇನ್ನೊಂದು ಫಾರಂ ಹೊರಿಸಿ ಅಂತ ನಾನು ಹೇಳುವುದಿಲ್ಲ. ಮಗುವಿನ ತೂಕ ನೋಡಿದ ಮೇಲೆ ಬಾಣಂತಿಯನ್ನು ಒಬ್ಬಳನ್ನೇ ಕೋಣೆಯಲ್ಲಿ ಕೂರಿಸಿಕೊಂಡು ‘ಹೊಲಿಗೆ ಹೇಗಿದೆ, ಮೋಷನ್ ಆಗ್ತಿದೆಯಾ?’ ಅಂತ ಕೇಳಿದರೆ ಆಯಿತು. ಒಂದು ಮಾತು ಕೇಳಿದರೆ ಹತ್ತು ಹೊರಗೆ ಬರುತ್ತದೆ.

ಕೆಲವಕ್ಕೆ ಮನೆಯ ಆರೈಕೆ ಸಾಲದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರ, ವಾಸನೆ ಬರುವ ಸ್ರಾವ, ಕೀವು, ಹೊಲಿಗೆ ಬಿಟ್ಟುಕೊಳ್ಳುವುದು. ದಿನ ಹೋದಂತೆ ನೋವು ಇಳಿಯುವ ಬದಲು ಏರುವುದು. ಒಂದೇ ಕಡೆ ಗಟ್ಟಿಯಾಗಿ ಊದಿ ಸಿಡಿಯುವ ನೋವು. ಮೂತ್ರ ಕಟ್ಟುವುದು. ಗಾಳಿ, ಮಲ ಹಿಡಿದುಕೊಳ್ಳಲು ಆಗದಿರುವುದು. ಒಂದು ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ 108ಕ್ಕೆ ಫೋನ್ ಮಾಡಿ. ಮತ್ತೆ, ಡಾಕ್ಟರ್ ಕೊಟ್ಟ ನೋವಿನ ಮಾತ್ರೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಇದೆಲ್ಲ ಅದರ ಜೊತೆಗೆ.

ಕೊನೆಗೆ ಗಂಡಂದಿರಿಗೆ. ಇಷ್ಟು ದೂರ ಓದಿದ್ದರೆ ಸಂತೋಷ. ಡಿಸ್ಚಾರ್ಜ್ ದಿನ ಬಸ್ಸಿನ ಹಿಂದಿನ ಸೀಟಿನಲ್ಲೋ ಬೈಕಿನಲ್ಲೋ ಅವಳನ್ನು ಕರೆದುಕೊಂಡು ಹೋಗಬೇಡಿ. ನಮ್ಮ ಘಾಟಿ ರಸ್ತೆಯ ಒಂದೊಂದು ಗುಂಡಿಯೂ ಹೊಲಿಗೆಗೆ ಗೊತ್ತಾಗುತ್ತದೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಡುವ ಗಾಡಿ ಉಚಿತ, ಹಿಂದಿನ ದಿನವೇ ವಾರ್ಡಿನಲ್ಲಿ ಕೇಳಿಡಿ. ಗಾಡಿಯಲ್ಲಿ ಒಂದು ಮೆತ್ತನೆಯ ದಿಂಬು ಇರಲಿ, ಆಕೆ ಒಂದು ಮಗ್ಗುಲಿಗೆ ಒರಗಿ ಕೂರಲಿ. ದಾರಿಯಲ್ಲಿ ಒಂದು ಡಜನ್ ಪುಟ್ಟಬಾಳೆ ತೆಗೆದುಕೊಳ್ಳಿ, ಮನೆಯಲ್ಲಿ ಯಾರಾದರೂ ಥಂಡಿ ಅಂದರೆ ನರ್ಸಮ್ಮ ಹೇಳಿದ್ದಾರೆ ಅನ್ನಿ.

ಇಂತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ