ಈ ಮುಂಗಾರಿನಿಂದ ನಮ್ಮ ಗಿಡ ಕುಳ್ಳಗಿರುತ್ತದೆ, ಬೇರು ಕತ್ತರಿಸಿರುತ್ತದೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಈ ಮುಂಗಾರಿನಿಂದ ನಮ್ಮ ಸಂಘದ ನರ್ಸರಿಗಳಿಂದ ಬರುವ ನೆರಳಿನ ಗಿಡಗಳು ಮೊದಲಿನಂತೆ ಇರುವುದಿಲ್ಲ. ಹೊಂಗೆ, ಬೇವು, ಮಹಾಗನಿ, ಹೊಳೆ ದಾಸವಾಳ, ನೇರಳೆ ಎಲ್ಲವೂ ಸ್ವಲ್ಪ ಕುಳ್ಳಗಿರುತ್ತವೆ. ಕಪ್ಪು ಪ್ಲಾಸ್ಟಿಕ್ ಕವರಿನ ಬದಲು ಮೈತುಂಬ ತೂತಿರುವ ಕುಂಡದಲ್ಲೋ ಬಟ್ಟೆ ಚೀಲದಲ್ಲೋ ಬರುತ್ತವೆ. ಹೆಂಟೆ, ಅಂದರೆ ಬೇರು ಹಿಡಿದ ಮಣ್ಣಿನ ಗಡ್ಡೆ, ಹೊರತೆಗೆದರೆ ಸುತ್ತಲೂ ಬೇರು ಕತ್ತರಿಸಿದ ಗುರುತು ಕಾಣುತ್ತದೆ. ಬೆಲೆ ಸುಮಾರು ಕಾಲು ಭಾಗ ಜಾಸ್ತಿ. ಕುಳ್ಳ ಗಿಡ, ಕತ್ತರಿಸಿದ ಬೇರು, ಮೇಲೆ ಜಾಸ್ತಿ ದುಡ್ಡು ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ? ಅದಕ್ಕೇ ಈ ಪತ್ರ.

ನೆಲದಲ್ಲಿ ಬೇರು ಹೊರಗೆ ಹರಡಿಕೊಂಡು ಹೋಗುತ್ತದೆ. ಕವರಿನಲ್ಲಿ ಅದಕ್ಕೆ ಗೋಡೆ ಎದುರಾಗುತ್ತದೆ. ನುಣ್ಣನೆಯ ಗೋಡೆಯನ್ನು ತೂರಲಾಗದೆ ಅದರ ಪಕ್ಕಕ್ಕೇ ತಿರುಗಿ ಸುತ್ತು ಹಾಕಲು ಶುರು ಮಾಡುತ್ತದೆ, ಇಲ್ಲವೇ ತಳಕ್ಕಿಳಿದು ಅಲ್ಲಿ ಸುರುಳಿಯಾಗುತ್ತದೆ. ಎಳೆಯದಾಗಿದ್ದಾಗ ಇದೇನೂ ದೊಡ್ಡ ವಿಷಯವಲ್ಲ. ಆದರೆ ಬೇರು ಬಲಿತು ಕಟ್ಟಿಗೆಯಾದ ಮೇಲೆ ಆ ಆಕಾರ ಹಾಗೇ ಉಳಿದುಬಿಡುತ್ತದೆ. ಎಷ್ಟು ದೊಡ್ಡ ಗುಂಡಿ ತೋಡಿ, ಎಷ್ಟು ಗೊಬ್ಬರ ಹಾಕಿ ನೆಟ್ಟರೂ ಸುತ್ತಿಕೊಂಡ ಬೇರು ಬಿಚ್ಚಿಕೊಳ್ಳುವುದಿಲ್ಲ.

ಮೊದಲ ಕೆಲವು ವರ್ಷ ಗಿಡ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಕಾಣಿಸುವುದು ಕಾಂಡ ದಪ್ಪವಾಗುವಾಗ. ಕರುವಿಗೆ ಕಟ್ಟಿದ ಹಗ್ಗವನ್ನು ಅದು ದನವಾದರೂ ಬಿಚ್ಚದೆ ಬಿಟ್ಟಂತೆ, ಬುಡದ ಸುತ್ತಿನ ಬೇರು ಕಾಂಡವನ್ನು ಹಿಚುಕುತ್ತದೆ. ನೀರು, ಆಹಾರ ಓಡಾಡುವ ದಾರಿ ಕಟ್ಟುತ್ತದೆ. ಒಂದು ಕಡೆಯ ಕೊಂಬೆಗಳಲ್ಲಿ ಎಲೆ ತೆಳುವಾಗುತ್ತದೆ. ಸುತ್ತಲೂ ಹರಡಿದ ಬೇರಿಲ್ಲದ್ದರಿಂದ ಜೋರು ಗಾಳಿಗೆ ಮರ ವಾಲುತ್ತದೆ, ಬೀಳಲೂಬಹುದು. ಬೆಂಗಳೂರಿನಲ್ಲಿ ಏಪ್ರಿಲ್, ಮೇ ಗಾಳಿಮಳೆಗೆ ಉರುಳುವ ಮರಗಳಿಗೆಲ್ಲ ಇದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಚರಂಡಿಗೆ, ಫುಟ್‌ಪಾತಿಗೆ ಬೇರು ಕಡಿಯುವುದು, ಬುಡಕ್ಕೇ ಕಾಂಕ್ರೀಟ್ ಸುರಿಯುವುದು, ಕಾರಣ ಬೇಕಾದಷ್ಟಿವೆ. ನರ್ಸರಿಯ ಕೈಯಲ್ಲಿ ಇರುವುದು ಇದೊಂದು.

ನಿಮ್ಮ ಮನೆಯ ಮುಂದಿನ ಮರವನ್ನೇ ಒಮ್ಮೆ ನೋಡಿ. ಸರಿಯಾಗಿ ಬೇರು ಬಿಟ್ಟ ಮರದ ಬುಡ ನೆಲ ಮುಟ್ಟುವಲ್ಲಿ ಸುತ್ತಲೂ ಅಗಲವಾಗಿರುತ್ತದೆ. ಒಂದು ಪಕ್ಕ ಕಂಬ ಹೂತ ಹಾಗೆ ನೆಟ್ಟಗೆ ಮಣ್ಣಿಗೆ ಇಳಿದಿದ್ದರೆ ಅಲ್ಲಿ ಮಣ್ಣು ಕೆದಕಿ ನೋಡುವುದು ಒಳ್ಳೆಯದು. ಸುತ್ತಿದ ಬೇರಿರಬಹುದು, ಇಲ್ಲವೇ ಗಿಡವನ್ನು ತೀರ ಆಳಕ್ಕೆ ನೆಟ್ಟಿರಬಹುದು.

ಇನ್ನು ತೂತಿನ ಕುಂಡದ ವಿಷಯ. ಬೇರಿನ ತುದಿ ತೂತಿನಲ್ಲಿ ಗಾಳಿಗೆ ಬಂದರೆ ಒಣಗುತ್ತದೆ. ತುದಿ ಒಣಗಿದ ಕೂಡಲೇ ಅದರ ಹಿಂದಿನಿಂದ ಹೊಸ ಕವಲುಗಳು ಒಡೆಯುತ್ತವೆ. ಸುತ್ತುವ ಒಂದು ಉದ್ದ ಬೇರಿನ ಬದಲು ಎಲ್ಲ ದಿಕ್ಕಿಗೂ ಹೊರಡಲು ತಯಾರಾದ ಸಣ್ಣ ಬೇರುಗಳು ಸಿಗುತ್ತವೆ. ಇದು ಹೊಸ ಫ್ಯಾಷನ್ ಏನಲ್ಲ. ಅಮೆರಿಕದ ತೋಟಗಾರಿಕೆ ಸಂಶೋಧಕ ಕಾರ್ಲ್ ವಿಟ್‌ಕಂಬ್ 1960ರ ದಶಕದ ಕೊನೆಯಲ್ಲೇ ತಳವಿಲ್ಲದ ಹಾಲಿನ ಡಬ್ಬಗಳಲ್ಲಿ ಸಸಿ ಬೆಳೆಸಿ ನೋಡಿದ್ದರು. ನಮ್ಮಲ್ಲೂ ನೀಲಗಿರಿ, ಗಾಳಿಮರದ ಸಸಿಗಳನ್ನು ರೂಟ್ ಟ್ರೈನರಿನಲ್ಲಿ (ತಳ ತೆರೆದ, ಒಳಗೆ ಉದ್ದ ಗೀರುಗಳಿರುವ ಸಣ್ಣ ಕುಂಡ), ಸ್ಟ್ಯಾಂಡಿನ ಮೇಲೆ ಬೆಳೆಸುವುದು ಇದೇ ಲೆಕ್ಕದಲ್ಲಿ. ನೆಲದ ಮೇಲೆ ಇಟ್ಟ ಕವರುಗಳನ್ನು ನರ್ಸರಿಯವರು ಆಗಾಗ ಶಿಫ್ಟಿಂಗ್ ಮಾಡುವುದನ್ನು ನೋಡಿರುತ್ತೀರಿ. ಅದೂ ಸುಮ್ನೆ ಅಲ್ಲ, ನೆಲಕ್ಕಿಳಿದ ಬೇರು ಕೀಳುವುದಕ್ಕೇ.

ಆದರೆ ಕುಂಡವೊಂದೇ ಸಾಲದು. ಜಾಸ್ತಿ ದಿನ ಇಟ್ಟರೆ ತೂತಿನ ಕುಂಡದಲ್ಲೂ ಬೇರು ತುಂಬಿ ಹೆಣೆದುಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಒಳಗಿನ ಸುತ್ತು. 6×9 ಇಂಚಿನ ಕವರಿನಿಂದ 8×12ಕ್ಕೆ, ಅಲ್ಲಿಂದ 14×20ಕ್ಕೆ ಗಿಡ ಬದಲಾಯಿಸುತ್ತಾ ಹೋದಾಗ ಪ್ರತಿ ಕವರಿನ ಅಚ್ಚೂ ಒಳಗೆ ಉಳಿಯುತ್ತದೆ. ಮೊದಲ ಸಣ್ಣ ಕವರಿನ ಸುತ್ತು ಕಾಂಡದ ಪಕ್ಕದಲ್ಲೇ ಇರುತ್ತದೆ. ದೊಡ್ಡ ಗಿಡವಾದ ಮೇಲೆ ಅಲ್ಲಿಗೆ ಚಾಕು ಹೋಗುವುದಿಲ್ಲ. ಹಾಗಾಗಿ ಇನ್ನು ಮುಂದೆ ಪ್ರತಿ ಸಲ ಕುಂಡ ಬದಲಾಯಿಸುವಾಗಲೂ ಹೆಂಟೆಯ ಹೊರಮೈಯನ್ನು, ತಳವನ್ನೂ ಸೇರಿಸಿ, ಸುಮಾರು 1 ಇಂಚು ಹೆರೆಯುತ್ತೇವೆ. ಬೆಲೆ ಏರಿದ್ದು ಮುಖ್ಯವಾಗಿ ಈ ಕೂಲಿಗೆ. ತೂತಿನ ಕುಂಡ ಬೇಗ ಒಣಗುವುದರಿಂದ ನೀರೂ ಜಾಸ್ತಿ ಬೇಕು.

ಹಿಂದೆ ಹೆಂಟೆಗೆ ಮೂರ್ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಸೀಳು ಹಾಕಿ ನೆಡಿ ಎನ್ನುತ್ತಿದ್ದರು. ಏನೂ ಮಾಡದೆ ಇರುವುದಕ್ಕಿಂತ ಅದು ವಾಸಿ. ಆದರೆ ಸೀಳುಗಳ ನಡುವೆ ಬಾಗಿದ ಬೇರಿನ ತುಂಡುಗಳು ಹಾಗೇ ಉಳಿಯುತ್ತವೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಎಡ್ ಗಿಲ್ಮನ್ ಇದರ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಹೊರಮೈ ಪೂರ್ತಿ ಹೆರೆದರೆ ಸುತ್ತು ಬೇರು ಕಡಿಮೆಯಾಗುತ್ತದೆ, ಹೊಸ ಬೇರು ನೆಟ್ಟಗೆ ಹೊರಗೆ ಹೊರಡುತ್ತದೆ, ಗಿಡದ ಬೆಳವಣಿಗೆಗೆ ಹೆಚ್ಚೇನೂ ಪೆಟ್ಟಾಗುವುದಿಲ್ಲ ಎಂಬುದು ಅವರ ಪ್ರಯೋಗಗಳಲ್ಲಿ ಕಂಡಿದ್ದು.

ತಾಯಿಬೇರು ಕತ್ತರಿಸಿದರೆ ಮರ ನಿಲ್ಲುತ್ತದಾ ಎಂದು ರೈತ ಗ್ರಾಹಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕವರಿನಲ್ಲಿ ಬೆಳೆದ ಗಿಡದ ತಾಯಿಬೇರು ಹೇಗೂ ತಳ ಮುಟ್ಟಿ ಬಾಗಿರುತ್ತದೆ. ಬಾಗಿದ್ದನ್ನು ಕತ್ತರಿಸಿದರೆ ಆ ಜಾಗದಿಂದ ಕೆಳಗಿಳಿಯುವ ಬೇರುಗಳು ಮತ್ತೆ ಬರುತ್ತವೆ. ತೇಗದ ಸ್ಟಂಪ್ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಬ್ಬೆರಳು ದಪ್ಪದ ಬೇರಿನ ತುಂಡು, ಮೇಲೆ ಒಂದೆರಡು ಇಂಚು ಕಾಂಡ, ಅಷ್ಟರಿಂದಲೇ ಮರ ಎದ್ದು ಬರುತ್ತದೆ. ನೀರಿನ ಆಸರೆಯೇ ಇಲ್ಲದ ಬೆದ್ದಲು ಹೊಲವಾದರೆ ಮಾತ್ರ ಬೇವು, ಹೊಂಗೆಯ ಗಿಡ ಕೊಳ್ಳಲೇ ಬೇಡಿ, ಬೀಜವನ್ನೇ ಊರಿ. ನಮ್ಮ ವ್ಯಾಪಾರಕ್ಕೆ ನಷ್ಟ, ಇರಲಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ಬೀಳುವ ಜೂನ್, ಜುಲೈನಲ್ಲೇ ಕೇಳಿ ಪಡೆಯಿರಿ.

ಸಂಪಿಗೆಯ ಬೇರು ಮೆತ್ತಗಿರುತ್ತದೆ, ಕೆದಕಿದರೆ ಗಿಡ ಸೊರಗುತ್ತದೆ. ಅದಕ್ಕೆ ಚಾಕು ತಾಗಿಸುವುದಿಲ್ಲ, ತೂತಿನ ಕುಂಡ ಅಷ್ಟೇ. ತೆಂಗು, ಅಡಿಕೆ, ಅಲಂಕಾರದ ಪಾಮ್‌ಗಳಲ್ಲಿ ಬೇರು ದಪ್ಪವಾಗುತ್ತಾ ಹೋಗುವುದಿಲ್ಲ, ಹಿಚುಕುವ ಭಯವೂ ಇಲ್ಲ. ಅವು ಹಳೆಯ ಕವರಿನಲ್ಲೇ, ಹಳೆಯ ಬೆಲೆಗೇ ಬರುತ್ತವೆ.

ಲೇಔಟ್ ಮಾಡುವವರು, ಕಂಟ್ರಾಕ್ಟರುಗಳು ಹನ್ನೆರಡು ಅಡಿಯ ಗಿಡವೇ ಬೇಕು ಎನ್ನುತ್ತಾರೆ. ನೆಟ್ಟ ದಿನವೇ ಎದ್ದು ಕಾಣಬೇಕು ಎಂಬ ಆಸೆ ಅರ್ಥವಾಗುತ್ತದೆ. ಆದರೆ ನಮ್ಮಂಥದೇ ಬಿಸಿಲಿನ ಫ್ಲಾರಿಡಾದಲ್ಲಿ ಹಾಕುವ ಲೆಕ್ಕ ನೋಡಿ. ತಪ್ಪದೆ ನೀರು ಕೊಟ್ಟರೆ, ಕಾಂಡದ ದಪ್ಪ 1 ಇಂಚಿಗೆ ಸುಮಾರು 3 ತಿಂಗಳಂತೆ ಗಿಡ ಬೇರೂರಲು ಸಮಯ ಬೇಕು. 1 ಇಂಚಿನ ಗಿಡವನ್ನು ಜೂನ್‌ನಲ್ಲಿ ನೆಟ್ಟರೆ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಮಣ್ಣು ಹಿಡಿದಿರುತ್ತದೆ. 4 ಇಂಚಿನದ್ದು ಇಡೀ ಬೇಸಿಗೆಯನ್ನು ನಿಮ್ಮ ಟ್ಯಾಂಕರ್ ನೀರಿನ ಮೇಲೆಯೇ ಕಳೆಯಬೇಕು. ಇನ್ನು ಮುಂದೆ 2 ಇಂಚಿಗಿಂತ ದಪ್ಪದ ಗಿಡ ನಾವು ಮಾರುವುದಿಲ್ಲ. ಎಷ್ಟು ಒತ್ತಾಯ ಮಾಡಿದರೂ ಇಲ್ಲ.

ನೆಡುವಾಗ ಕವರನ್ನಾಗಲಿ ಬಟ್ಟೆ ಚೀಲವನ್ನಾಗಲಿ ಪೂರ್ತಿ ತೆಗೆಯಿರಿ. ಬ್ಲೇಡಿನಿಂದ ಎರಡು ಗೀರು ಎಳೆದು ಹಾಗೇ ಹೂಳುವುದು ಬೇಡ. ಮೊದಲ ಬೇರು ಹೊರಡುವ ಜಾಗ ನೆಲದ ಮಟ್ಟದಲ್ಲೇ ಇರಲಿ, ಗುಂಡಿ ಆಳಕ್ಕಿಂತ ಅಗಲವಾಗಿರಲಿ. ಮೊದಲ ವಾರಗಳಲ್ಲಿ ನೀರು ಹೆಂಟೆಯ ಮೇಲೆಯೇ ಬೀಳಬೇಕು. ಸುತ್ತಲ ಮಣ್ಣು ಒದ್ದೆಯಿದ್ದರೂ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿದ ಹೆಂಟೆ ಒಣಗಿರಬಹುದು, ಒಮ್ಮೆ ಪೂರ್ತಿ ಒಣಗಿದರೆ ಅದು ಬೇಗ ನೀರು ಹೀರುವುದಿಲ್ಲ. ಡ್ರಿಪ್ ಪೈಪನ್ನು ಎರಡು ಅಡಿ ದೂರ ಇಟ್ಟರೆ ಆ ನೀರು ಕಳೆಗೆ. ಹೆರೆದ ಗಿಡಕ್ಕೆ ಈ ವಾರಗಳಲ್ಲಿ ನೀರು ತಪ್ಪಿದರೆ ಸಾಯುತ್ತದೆ. ಇದನ್ನು ಮುಚ್ಚಿಟ್ಟು ಮಾರಲು ನಮಗೆ ಇಷ್ಟವಿಲ್ಲ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ ಅನ್ವಯಿಸುತ್ತದೆ, ಗಿಡ ಮಾತ್ರ ಹೊಸ ರೀತಿಯದು. ಬೇಡ ಎನಿಸಿದರೆ ಮುಂಗಡ ಪೂರ್ತಿ ವಾಪಸ್. ತೂತಿನ ಕುಂಡಗಳಿಗೆ ಡೆಪಾಸಿಟ್ ಇರುತ್ತದೆ. ಗಿಡ ಇಳಿಸಿದ ಗಾಡಿಯಲ್ಲೇ ಕುಂಡ ಕಳಿಸಿದರೆ ಅಲ್ಲೇ ಬಿಲ್ಲಿನಲ್ಲಿ ಕಳೆದುಕೊಡುತ್ತೇವೆ. ಗಿಡ ಇಳಿಸುವಾಗ ನಿಮಗೆ ಬೇಕಾದ ಒಂದನ್ನು ಆರಿಸಿ, ಕುಂಡದಿಂದ ಹೊರತೆಗೆಸಿ ನೋಡಿ. ಹೆಂಟೆಯ ಹೊರಮೈಯಲ್ಲಿ ಸುತ್ತಿದ ದಪ್ಪ ಬೇರು ಕಂಡರೆ ಗಿಡ ಇಳಿಸಿಕೊಳ್ಳಬೇಡಿ, ಗಾಡಿಯಲ್ಲೇ ಹಿಂದಕ್ಕೆ ಕಳಿಸಿ. ಸಾಗಣೆ ಖರ್ಚು ನಮ್ಮದು.

ಇಂತಿ,
ಕಾರ್ಯದರ್ಶಿ, ಸಂಘದ ಸದಸ್ಯರ ಪರವಾಗಿ