‘ಹೆಚ್ಚಿನವು ಕೊಲೆ’ ಎಂದು ನಾನು ಹೇಳಿಲ್ಲ

ಮಾನ್ಯರೇ,

ಕೊಲ್ಲಿ ರಾಷ್ಟ್ರಗಳಿಂದ ಬರುವ ಕಾರ್ಮಿಕರ ಶವಗಳ ಕುರಿತ ನನ್ನ ಭಾಷಣವನ್ನು ನಿಮ್ಮ ಪತ್ರಿಕೆ ‘ಹೆಚ್ಚಿನವು ಕೊಲೆ’ ಎಂಬ ಶೀರ್ಷಿಕೆಯಡಿ ಪ್ರಕಟಿಸಿದೆ. ನಾನು ಹಾಗೆ ಹೇಳಿಲ್ಲ. ‘ಹೃದಯಸ್ತಂಭನ’ ಎಂದಷ್ಟೇ ಬರೆದ ಮರಣ ಪ್ರಮಾಣಪತ್ರ ಸಾಲದು ಎಂದೆ. ಯಾರೇ ಸತ್ತರೂ ಹೃದಯ ನಿಲ್ಲುತ್ತದೆ. ಏಕೆ ನಿಂತಿತು ಎಂಬುದನ್ನು ಬರೆಯಬೇಕು.

ಊರಿಗೆ ತಂದ ಮೇಲೆ ಶವಪರೀಕ್ಷೆ ಮಾಡಿಸಿದರಾಯಿತು ಎಂದು ಮನೆಯವರು ನಂಬಿರುತ್ತಾರೆ. ಆದರೆ ವಿಮಾನಕ್ಕೆ ಏರಿಸುವ ಮೊದಲೇ ಶವ ಕೆಡದಂತೆ ರಕ್ತನಾಳಗಳಿಗೆ ಫಾರ್ಮಾಲಿನ್ ಎಂಬ ರಾಸಾಯನಿಕ ದ್ರಾವಣ ತುಂಬಿರುತ್ತಾರೆ. ಮೂಳೆಮುರಿತ, ತಲೆಬುರುಡೆಯ ಬಿರುಕು ಆಮೇಲೂ ಕಾಣುತ್ತವೆ. ಮದ್ಯಸಾರ, ಸಯನೈಡ್‌ನಂಥವುಗಳ ಪತ್ತೆಗೆ ಮಾತ್ರ ಭರವಸೆ ಇಡುವಂತಿಲ್ಲ. ಬಿಸಿಲಾಘಾತವಂತೂ, ಕುಸಿದ ಹೊತ್ತಿನ ದೇಹದ ಉಷ್ಣತೆ ದಾಖಲಾಗಿಲ್ಲದಿದ್ದರೆ, ಇಲ್ಲಿ ಸಾಬೀತಾಗುವುದು ತೀರಾ ಕಷ್ಟ. ಹಾಗಾಗಿ ಶವ ಕಳಿಸಲು ಒಪ್ಪಿಗೆ ಪತ್ರ ಕೊಡುವ ಮುನ್ನವೇ, ಅಲ್ಲಿಯೇ ಶವಪರೀಕ್ಷೆ ಆಗಲಿ ಎಂದು ಭಾರತೀಯ ರಾಯಭಾರ ಕಚೇರಿಗೆ ಲಿಖಿತವಾಗಿ ಕೇಳಬೇಕು. ಪೊಲೀಸ್ ವರದಿಯ ಪ್ರತಿಯನ್ನೂ ಪಡೆಯಬೇಕು.

ಇದರಲ್ಲಿ ಕುಟುಂಬದ ಅನ್ನದ ಪ್ರಶ್ನೆಯೂ ಇದೆ. ದುಡಿಯಲು ವಿದೇಶಕ್ಕೆ ಹೋಗುವವರಿಗಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಸಿಗುವುದು ಅಪಘಾತದ ಸಾವಿಗೆ. ‘ಸಹಜ ಸಾವು’ ಎಂಬ ಎರಡೇ ಪದ ಅದನ್ನು ತಪ್ಪಿಸುತ್ತವೆ. ವಿದೇಶದ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದಿಂದ ಪಡೆಯಬೇಕಾದ ವಲಸೆ ಅನುಮತಿಯನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸಲ್ಪಟ್ಟವರಿಗೆ ಈ ವಿಮೆಯ ರಕ್ಷಣೆಯೇ ಇರುವುದಿಲ್ಲ.

‘ಏಜೆಂಟರೆಲ್ಲ ವಂಚಕರು’ ಎಂಬುದೂ ನನ್ನ ಮಾತಲ್ಲ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ನೋಂದಾಯಿತ ಏಜೆಂಟರು ಕಾರ್ಮಿಕರಿಂದ 30,000 ರೂಪಾಯಿ ಹಾಗೂ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ, ಕೊಟ್ಟ ಹಣಕ್ಕೆ ರಸೀದಿ ಕೇಳಿ ಎಂದಿದ್ದೆ.

ಆ ಶೀರ್ಷಿಕೆ ಓದಿದ ತಾಯಂದಿರ ಸಂಕಟ ನೆನೆದರೆ ನೋವಾಗುತ್ತದೆ. ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ವಿಧಿವಿಜ್ಞಾನ ವೈದ್ಯ, ಮಂಗಳೂರು